ಮಕ್ಕಳನ್ನು ಅಜ್ಜಿ ಹತ್ತಿರ ಬಿಟ್ಟು ಇಬ್ಬರೇ ಒಂದು ದಿನ ಕಾರಲ್ಲಿ ಸುತ್ತಿ ಬರುವುದು ಹೇಗೆ: ದಾವಣಗೆರೆಯವರಿಗೆ ಸಮಗ್ರ ಮಾರ್ಗದರ್ಶಿ

ದಾವಣಗೆರೆಯಲ್ಲಿ ಸಂಸಾರ ಮಾಡುವ ಗಂಡ ಹೆಂಡತಿಗೆ ಒಂದು ಒಳ್ಳೆ ಅನುಕೂಲ ಇದೆ. ಊರಿಂದ ಯಾವ ಕಡೆ ಹೊರಟರೂ ಒಂದು ಗಂಟೆ ಆಸುಪಾಸಿನಲ್ಲಿ ಕೆರೆಯೋ, ಹೊಳೆಯೋ, ಕೋಟೆಯೋ, ಬಂಡೆಗುಡ್ಡವೋ ಸಿಕ್ಕೇ ಸಿಗುತ್ತದೆ. ಆದರೆ "ಎಲ್ಲಾದರೂ ಹೋಗಿ ಬರೋಣ" ಅಂದ ತಕ್ಷಣ ನಮ್ಮ ತಲೆ ಗೋವಾ, ಊಟಿ, ಕೊಡಗು ಅಂತ ಓಡುತ್ತದೆ, ಆಮೇಲೆ ರಜೆ ಎಷ್ಟಿದೆ, ರೂಮಿಗೆ ಎಷ್ಟು, ಮಕ್ಕಳ ಪರೀಕ್ಷೆ ಯಾವಾಗ ಅಂತ ಲೆಕ್ಕ ಹಾಕಿ ಹಾಕಿ ಕೊನೆಗೆ ದಸರಾ ಕಳೆಯಲಿ ನೋಡೋಣ ಅನ್ನುವಲ್ಲಿಗೆ ಮಾತು ಮುಗಿಯುತ್ತದೆ. ದಸರಾ ಕಳೆದ ಮೇಲೆ ದೀಪಾವಳಿ ಬರುತ್ತದೆ.

ನಾನು ಹೇಳುವುದು ಇಷ್ಟೇ. ಬೆಳಗ್ಗೆ ಎದ್ದು ಮನಸ್ಸಾಯಿತು, ಹೊರಟಿರಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದಿರಿ. ಇದು ಆಗಬೇಕಾದರೆ ಮಕ್ಕಳ ವಿಷಯದಲ್ಲಿ ಏರ್ಪಾಡು ಗಟ್ಟಿಯಾಗಿರಬೇಕು. ದಾರಿಯ ವಿಷಯದಲ್ಲಿ ಏರ್ಪಾಡು ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು. ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಎಲ್ಲೆಲ್ಲಿ ನಿಲ್ಲಬೇಕು ಅಂತ ಗಂಟೆ ಗಂಟೆಗೆ ಬರೆದಿಟ್ಟುಕೊಂಡಿರುತ್ತಾರೆ, ಮಗುವಿಗೆ ಜ್ವರ ಬಂದರೆ ಯಾವ ಔಷಧಿ ಅಂತ ಮಾತ್ರ ಅಜ್ಜಿಗೆ ಹೇಳಿರುವುದಿಲ್ಲ.

ಮೊದಲು ಮಕ್ಕಳದ್ದು

ಎರಡು ದಾರಿ ಇದೆ. ಒಂದು, ಭಾನುವಾರ ಮಕ್ಕಳನ್ನು ಅಜ್ಜಿ, ಚಿಕ್ಕಮ್ಮ, ಅತ್ತೆ ಯಾರ ಹತ್ತಿರವಾದರೂ ಬಿಟ್ಟು ಹೋಗುವುದು. ಇನ್ನೊಂದು, ವಾರದ ದಿನ ಇಬ್ಬರೂ ರಜೆ ಹಾಕಿ ಮಕ್ಕಳನ್ನು ಸ್ಕೂಲಿಗೆ ಕಳಿಸಿ ಹೊರಟುಬಿಡುವುದು. ನನಗೆ ಎರಡನೆಯದೇ ಜಾಸ್ತಿ ಇಷ್ಟ. ರಸ್ತೆ ಖಾಲಿ, ನೋಡುವ ಜಾಗದಲ್ಲಿ ಗಲಾಟೆ ಇಲ್ಲ, ಮಕ್ಕಳು ಅವರ ಪಾಡಿಗೆ ಅವರ ದಿನ ಕಳೆಯುತ್ತಿರುತ್ತಾರೆ. ಸಿಗುವುದು ಐದಾರು ಗಂಟೆ ಅಷ್ಟೇ, ಆದರೆ ಸೂಳೆಕೆರೆಗೋ ಹರಿಹರಕ್ಕೋ ಹೋಗಿ ಬರಲು ಅಷ್ಟು ಸಾಕು. ಒಂದೇ ಒಂದು ಎಚ್ಚರ: ಸ್ಕೂಲಿನವರು ಫೋನ್ ಮಾಡಿದರೆ ಹದಿನೈದು ನಿಮಿಷದಲ್ಲಿ ಅಲ್ಲಿಗೆ ಹೋಗಬಲ್ಲವರು ಊರಲ್ಲಿ ಯಾರಾದರೂ ಇರಬೇಕು, ಅವರ ನಂಬರ್ ಸ್ಕೂಲಿನಲ್ಲಿ ಮೊದಲೇ ಬರೆಸಿರಬೇಕು.

ಅಜ್ಜಿ ಹತ್ತಿರ ಬಿಡುವುದಾದರೆ ಅಜ್ಜಿಯನ್ನು ಕೇಳುವ ರೀತಿ ಮುಖ್ಯ. "ಅಮ್ಮ, ಸ್ವಲ್ಪ ಕೆಲಸ ಇದೆ, ಮಕ್ಕಳನ್ನ ನೋಡ್ಕೋ" ಅಂತ ಸುಳ್ಳು ಹೇಳಿ ಹೋಗಬೇಡಿ. "ಅಮ್ಮ, ನಾವಿಬ್ಬರೇ ಹೊರಗೆ ಹೋಗಿ ತುಂಬಾ ದಿನ ಆಯ್ತು, ಇವತ್ತು ಸಂಜೆ ತನಕ ನೋಡ್ಕೋತೀಯಾ?" ಅಂತ ನೇರವಾಗಿ ಕೇಳಿ. ಕೆಲಸ ಅಂತ ಹೇಳಿ ಹೋದವರಿಗೆ ಮಧ್ಯಾಹ್ನ ಫೋನ್ ಬಂದಾಗ ಹಿಂದೆ ಗಾಳಿಯ ಸದ್ದು ಕೇಳಿದರೆ ಇನ್ನೊಂದು ಸುಳ್ಳು ಹುಡುಕಬೇಕಾಗುತ್ತದೆ, ಇಡೀ ದಿನದ ಖುಷಿ ಅಲ್ಲೇ ಕೆಡುತ್ತದೆ. ಅತ್ತೆಯನ್ನು ಕೇಳುವುದಾದರೆ ಗಂಡನೇ ಕೇಳಲಿ. ಸೊಸೆ ಕೇಳುವುದಕ್ಕೂ ಮಗ ಕೇಳುವುದಕ್ಕೂ ವ್ಯತ್ಯಾಸ ಇದೆ, ಅದು ನಮಗೆಲ್ಲ ಗೊತ್ತಿರುವುದೇ ಅಲ್ವಾ.

ಮಕ್ಕಳಿಗೂ ನಿಜ ಹೇಳಬೇಕು. ಆಸ್ಪತ್ರೆಗೆ ಹೋಗುತ್ತೇವೆ, ಸೂಜಿ ಹಾಕಿಸಿಕೊಳ್ಳಬೇಕು ಅಂತ ಹೆದರಿಸಿ ಹೋಗುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಮಗು ಇಡೀ ದಿನ ಅಮ್ಮನಿಗೆ ಏನೋ ಆಗಿದೆ ಅಂತ ಕೂತಿರುತ್ತದೆ, ಪಾಪ. "ನಾನು, ಅಪ್ಪ ಇಬ್ಬರೇ ಸುತ್ತಾಡೋಕೆ ಹೋಗ್ತಿದ್ದೀವಿ. ಊಟ ಆದ್ಮೇಲೆ ಫೋನ್ ಮಾಡ್ತೀನಿ. ಕತ್ತಲಾಗೋದ್ರೊಳಗೆ ಬರ್ತೀವಿ." ಇಷ್ಟು ಸಾಕು. "ನಾನೂ ಬರ್ತೀನಿ" ಅಂತ ಅಳುತ್ತದೆ, ಅಳಲಿ. ಕಾರು ತಿರುವು ದಾಟುವ ಹೊತ್ತಿಗೆ ಅಜ್ಜಿ ಡಬ್ಬಿಯಿಂದ ಏನೋ ತೆಗೆದು ಕೈಗೆ ಕೊಟ್ಟಿರುತ್ತಾರೆ. ಆದರೆ ಊಟ ಆದ ಮೇಲೆ ಫೋನ್ ಮಾಡುತ್ತೇನೆ ಅಂದಿದ್ದರೆ ಮಾಡಲೇಬೇಕು. ಅದು ತಪ್ಪಿದರೆ ಮುಂದಿನ ಸಲ ಮಗು ನಂಬುವುದಿಲ್ಲ.

ಒಂದು ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ: ಇಬ್ಬರ ನಂಬರ್, ಮಕ್ಕಳ ಡಾಕ್ಟರ್ ನಂಬರ್, ಜ್ವರ ಬಂದರೆ ಡಾಕ್ಟರ್ ಹೇಳಿರುವ ಔಷಧಿ ಎಷ್ಟು ಎಂ.ಎಲ್. ಅಂತ, ಯಾವುದಾದರೂ ಪದಾರ್ಥ ಮೈಗೆ ಆಗದಿದ್ದರೆ ಅದು. ಫೋನಿನಲ್ಲಿ ಕಳಿಸಿದರೆ ಅಜ್ಜಿ ಕನ್ನಡಕ ಹುಡುಕುತ್ತಾ ಇರುತ್ತಾರೆ. ಈ ಹಾಳೆ ಒಮ್ಮೆ ಬರೆದರೆ ವರ್ಷಪೂರ್ತಿ ಬರುತ್ತದೆ, ಔಷಧಿಯ ಅಳತೆಯನ್ನು ಮಾತ್ರ ಮಗುವಿನ ತೂಕ ಜಾಸ್ತಿಯಾದ ಹಾಗೆ ಡಾಕ್ಟರನ್ನು ಕೇಳಿ ತಿದ್ದಬೇಕು. ಇದು ಮನೆಯಲ್ಲಿ ಇರುವುದರಿಂದಲೇ ಬೆಳಗ್ಗೆ ಎಂಟಕ್ಕೆ ಮನಸ್ಸಾದರೆ ಒಂಬತ್ತಕ್ಕೆ ಹೊರಡಲು ಆಗುತ್ತದೆ.

ಗಾಡಿ, ಚೀಲ

ಇದಕ್ಕೆ ಜಾಸ್ತಿ ಹೊತ್ತು ಬೇಡ. ಟೈರಿನ ಗಾಳಿ ನೋಡಿಸಿ. ಎಷ್ಟು ಇರಬೇಕು ಅಂತ ಡ್ರೈವರ್ ಬಾಗಿಲಿನ ಚೌಕಟ್ಟಿನ ಹತ್ತಿರ ಸ್ಟಿಕರ್ ಇರುತ್ತದೆ. ಸ್ಟೆಪ್ನಿಯಲ್ಲೂ ಗಾಳಿ ಇದೆಯಾ ನೋಡಿ. ಪೆಟ್ರೋಲನ್ನು ಊರಲ್ಲೇ ಹಾಕಿಸಿ. ಹೈವೇಗೆ ಹೋಗುವುದಾದರೆ ಫಾಸ್ಟ್ಯಾಗಿನಲ್ಲಿ ದುಡ್ಡಿರಲಿ, ಚಿತ್ರದುರ್ಗದ ಕಡೆ ಹೊರಟರೆ ಹೆಬ್ಬಾಳು ಟೋಲ್ ಬರುತ್ತದೆ. ಚೀಲದಲ್ಲಿ ನೀರು, ಎರಡು ಟವೆಲ್, ಟೋಪಿ, ಚಿಲ್ಲರೆ ದುಡ್ಡು, ಹಾಸಿಕೊಳ್ಳಲು ಒಂದು ಜಮಖಾನ. ಹಿಂದಿನ ಸೀಟಿನಿಂದ ಮಕ್ಕಳ ಬಿಸ್ಕತ್ ಪುಡಿ, ಮುರಿದ ಕ್ರೇಯಾನ್, ಒಂಟಿ ಸಾಕ್ಸು ಎಲ್ಲ ತೆಗೆದು ಒಂದು ಕವರಿಗೆ ಹಾಕಿ ಮನೆಯಲ್ಲೇ ಇಡಿ. ಇದು ಸಣ್ಣ ಕೆಲಸ, ಆದರೆ ಕಾರಲ್ಲಿ ಕೂತ ಕೂಡಲೇ ವ್ಯತ್ಯಾಸ ಗೊತ್ತಾಗುತ್ತದೆ.

ಊರು ಬೇಡ, ದಿಕ್ಕು ಆರಿಸಿ

ಮನೆಯಿಂದ ಹೊರಡುವಾಗ ಇಂಥದ್ದೇ ಜಾಗ ಅಂತ ಇಟ್ಟುಕೊಳ್ಳಬೇಡಿ, ಇಂಥ ದಿಕ್ಕು ಅಂತ ಇಟ್ಟುಕೊಳ್ಳಿ. ಮೊದಲು ಬೆಣ್ಣೆದೋಸೆ ತಿನ್ನಿ. ಹಂಚಿನ ಮೇಲೆ ದೋಸೆ ಇನ್ನೂ ಚುರ್ ಅನ್ನುತ್ತಿರುವಾಗಲೇ ಬೆಣ್ಣೆ ಬೀಳಬೇಕು, ಪಕ್ಕದಲ್ಲಿ ಬಿಳಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಅದನ್ನು ತಿನ್ನುತ್ತಾ ಇಬ್ಬರೂ ಮಾತಾಡಿ ದಿಕ್ಕು ತೀರ್ಮಾನ ಮಾಡಿ. ಹೋದ ಸಲ ಗಂಡ ಆರಿಸಿದ್ದರೆ ಈ ಸಲ ಹೆಂಡತಿ.

ಪಶ್ಚಿಮಕ್ಕೆ ಹೋದರೆ ಹರಿಹರ, ಹದಿನೈದು ಕಿಲೋಮೀಟರಿನೊಳಗೆ. ತುಂಗಭದ್ರೆ ಇದೆ, ಹೊಯ್ಸಳರ ಕಾಲದಲ್ಲಿ 1224ರ ಸುಮಾರಿಗೆ ಪೋಲಾಳ್ವ ದಂಡನಾಯಕ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನ ಇದೆ. ಒಂದೇ ಮೂರ್ತಿಯಲ್ಲಿ ಅರ್ಧ ಹರ, ಅರ್ಧ ಹರಿ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಬೆಳಗ್ಗೆಯೇ ಹೋಗಿ. ಹತ್ತಿರದಲ್ಲೇ ಕೊಂಡಜ್ಜಿ, ಗುಡ್ಡದ ಮಗ್ಗುಲಲ್ಲಿ ಕೆರೆ. ಅರ್ಧ ದಿನ ಮಾತ್ರ ಸಿಕ್ಕಿದೆ ಅಂದರೆ ಇದಕ್ಕಿಂತ ಸುಲಭದ್ದಿಲ್ಲ. ಉತ್ತರಕ್ಕೆ ಉಚ್ಚಂಗಿದುರ್ಗ, ಮೆಟ್ಟಿಲು ಹತ್ತುವ ಕಾಲು ಇರುವವರಿಗೆ. ಮಂಗಳವಾರ, ಶುಕ್ರವಾರ, ಹುಣ್ಣಿಮೆ ದಿನ ಉಚ್ಚಂಗೆಮ್ಮನ ಭಕ್ತರು ತುಂಬಿರುತ್ತಾರೆ, ಇಬ್ಬರೇ ಮಾತಾಡಿಕೊಂಡು ಕೂರಬೇಕು ಅಂದರೆ ಆ ದಿನಗಳು ಬೇಡ. ಪೂರ್ವಕ್ಕೆ ಹೈವೇ ಹಿಡಿದರೆ ಚಿತ್ರದುರ್ಗ, ಸುಮಾರು 60 ಕಿಲೋಮೀಟರ್.

ಚಿತ್ರದುರ್ಗ ಅಂದ ತಕ್ಷಣ ಕೋಟೆಗೆ ಹೋಗಬೇಕು ಅನ್ನಿಸುತ್ತದೆ. ಹೋಗಿ, ಆದರೆ ಅವತ್ತು ಅದೊಂದನ್ನೇ ಮಾಡಿ. ಏಳು ಸುತ್ತಿನ ಕೋಟೆ ಅದು, ಒನಕೆ ಓಬವ್ವನ ಕಿಂಡಿ, ಏಕನಾಥೇಶ್ವರಿ ಗುಡಿ, ಅಕ್ಕ ತಂಗಿ ಹೊಂಡ ಅಂತ ನೋಡುತ್ತಾ ಹೋದರೆ ಅರ್ಧ ದಿನ ಬೇಕು, ಹತ್ತು ಗಂಟೆ ಮೇಲೆ ಬಂಡೆ ಕಾಯುತ್ತದೆ. ಹಿರಿಯೂರು ತಾಲ್ಲೂಕಿನ ವಾಣಿ ವಿಲಾಸ ಸಾಗರ, ನಮ್ಮ ಹಿರಿಯರ ಬಾಯಲ್ಲಿ ಮಾರಿಕಣಿವೆ, ಅದೂ ಇದೇ ದಿಕ್ಕಿನಲ್ಲಿ ಇದೆ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ಕಟ್ಟೆ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬೀಳಲು 2022 ಬರಬೇಕಾಯಿತು. ಆದರೆ ದಾವಣಗೆರೆಯಿಂದ ಹೋಗುವುದಕ್ಕೇ ನೂರು ಕಿಲೋಮೀಟರ್ ಮೀರುತ್ತದೆ. ಬೆಳಗ್ಗೆ ಎಂಟರೊಳಗೆ ಹೊರಟಿದ್ದರೆ ಮಾತ್ರ ಆ ಕಡೆ ಮುಖ ಮಾಡಿ.

ನನಗೆ ಇಷ್ಟವಾದ ಸುತ್ತು

ದಕ್ಷಿಣಕ್ಕೆ ಹೊರಟು ಪೂರ್ವದಿಂದ ವಾಪಸ್ ಬರುವುದು. ಸಂತೇಬೆನ್ನೂರು, ಸೂಳೆಕೆರೆ, ಚನ್ನಗಿರಿ, ಹೊಳಲ್ಕೆರೆ, ಚಿತ್ರದುರ್ಗ, ಹೈವೇಯಲ್ಲಿ ಮನೆ. ಒಟ್ಟು 200 ಕಿಲೋಮೀಟರ್ ಆಸುಪಾಸು. ಹೋದ ದಾರಿಯಲ್ಲೇ ವಾಪಸ್ ಬಂದರೆ ತಿರುಗಿದ ಕ್ಷಣದಿಂದಲೇ ಮನೆ ಯೋಚನೆ ಶುರುವಾಗುತ್ತದೆ. ಸುತ್ತು ಹೊಡೆದರೆ ಕೊನೇ ತನಕ ಹೊಸ ದಾರಿ. ಈ ಒಂದು ಕಾರಣಕ್ಕೆ ನಾನು ಯಾರಿಗೇ ಆದರೂ ಸುತ್ತುದಾರಿಯನ್ನೇ ಹೇಳುವುದು. ಎಲ್ಲಿ ಸಾಕು ಅನ್ನಿಸಿದರೂ ಅಲ್ಲಿಂದ ದಾವಣಗೆರೆಗೆ ಒಂದು ನೇರ ರಸ್ತೆ ಇದ್ದೇ ಇದೆ.

ಹದಡಿ ರಸ್ತೆ ಹಿಡಿದು ಹೊರಟರೆ ಊರು ಬೇಗ ಮುಗಿಯುತ್ತದೆ. ಇದು ಭದ್ರಾ ನಾಲೆಯ ನೀರು ಬರುವ ಕಡೆ. ಗದ್ದೆ, ತೆಂಗು, ನಡುನಡುವೆ ಅಡಿಕೆ. ಜಗಳೂರು ಕಡೆಯ ಒಣ ಹೊಲ ನೋಡಿದ ಕಣ್ಣಿಗೆ ಒಂದೇ ಜಿಲ್ಲೆ ಅಂತ ನಂಬುವುದು ಕಷ್ಟ. ಕಿಟಕಿ ಇಳಿಸಿ ಓಡಿಸಿ, ಎಸಿ ಬೇಡ.

ಸಂತೇಬೆನ್ನೂರಿನ ಪುಷ್ಕರಣಿಗೆ ಒಂದು ಗಂಟೆಯನ್ನಾದರೂ ಕೊಡಿ. ಪಾಳೆಯಗಾರ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ್ದು. ಎಲ್ಲ ಕಡೆಯಿಂದಲೂ ಕಲ್ಲಿನ ಮೆಟ್ಟಿಲು ನೀರಿಗೆ ಇಳಿಯುತ್ತವೆ, ಸುತ್ತ ಸಣ್ಣ ಮಂಟಪಗಳು, ನೀರಿನ ನಡುವೆ ಎತ್ತರದ ವಸಂತ ಮಂಟಪ. ಪಕ್ಕದಲ್ಲೇ ಮುಸಾಫಿರ್ ಖಾನಾ, ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನ ಕಾಲದ್ದು. ಬೆಳಗ್ಗೆ ಹತ್ತರ ಹೊತ್ತಿಗೆ ಹೋದರೆ ಒಂದು ಕಡೆಯ ಮೆಟ್ಟಿಲಿಗೆ ಇನ್ನೂ ನೆರಳಿರುತ್ತದೆ. ಅಲ್ಲಿ ಕೂತು ನೋಡಿ, ಗಾಳಿ ಬಂದಾಗ ಮಂಟಪದ ನೆರಳು ನೀರಲ್ಲಿ ಪುಡಿಯಾಗುತ್ತದೆ, ಗಾಳಿ ನಿಂತಾಗ ಮತ್ತೆ ಕೂಡುತ್ತದೆ, ಕಂಬ, ಕಮಾನು, ಮೇಲಿನ ಗೋಪುರ ಎಲ್ಲ ಒಂದೊಂದಾಗಿ. ಮಕ್ಕಳು ಜೊತೆಗಿದ್ದರೆ ಇಲ್ಲಿ ಕೂರುವುದು ಸಾಧ್ಯವೇ ಇಲ್ಲ, ಎಲ್ಲಿ ಜಾರುತ್ತಾರೋ ಅಂತ ಅವರ ಕೈ ಹಿಡಿದುಕೊಂಡೇ ಇರಬೇಕು. ಅದಕ್ಕೇ ಇದು ಇಬ್ಬರೇ ಹೋಗಬೇಕಾದ ಜಾಗ. ನೀರಿನ ಹತ್ತಿರದ ಮೆಟ್ಟಿಲಿಗೆ ಪಾಚಿ ಇರುತ್ತದೆ, ಅಲ್ಲಿಗೆ ಇಳಿಯಬೇಡಿ.

ಅಲ್ಲಿಂದ ಸೂಳೆಕೆರೆ ಹತ್ತಿರವೇ. ಸರ್ಕಾರಿ ಬೋರ್ಡಿನಲ್ಲಿ ಶಾಂತಿಸಾಗರ. ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಯಲ್ಲಿ ಹರಿದ್ರಾ ಹಳ್ಳಕ್ಕೆ ಏರಿ ಕಟ್ಟಿದ್ದಾರೆ. ಏರಿಯ ಉದ್ದ ಸಾವಿರ ಅಡಿಯೂ ಇಲ್ಲ, ನೀರು ನಿಲ್ಲುವ ಜಾಗ ಮಾತ್ರ ಆರು ಸಾವಿರ ಎಕರೆಗೂ ಜಾಸ್ತಿ. ಜಾಗ ಆರಿಸಿದವರ ಕಣ್ಣು ಎಂಥದ್ದಿರಬೇಕು ಯೋಚಿಸಿ. ಎರಡು ತೂಬು, ಒಂದು ಸಿದ್ಧನ ತೂಬು, ಇನ್ನೊಂದು ಬಸವನ ತೂಬು. ಶಾಂತವ್ವ ಅನ್ನುವ ರಾಜಕುಮಾರಿ ಕಟ್ಟಿಸಿದಳು, ಜಾಗ ಬಿಟ್ಟುಕೊಟ್ಟ ಸೂಳೆಯರು ಕೆರೆಗೆ ತಮ್ಮ ಹೆಸರೇ ಇರಬೇಕು ಅಂತ ಷರತ್ತು ಹಾಕಿದರು ಅಂತ ಕಥೆ. ಆ ಹೆಂಗಸರ ಷರತ್ತನ್ನು ಜನ ಇವತ್ತಿಗೂ ನಡೆಸಿಕೊಂಡು ಬಂದಿದ್ದಾರೆ, ನನಗೆ ಇದು ತುಂಬಾ ದೊಡ್ಡ ವಿಷಯ ಅನ್ನಿಸುತ್ತದೆ. ಚಿತ್ರದುರ್ಗದ ನಲ್ಲಿಗೂ ಇದೇ ಕೆರೆಯ ನೀರು ಹೋಗುತ್ತದೆ, ಹಾಗಾಗಿ ಊಟದ ಕವರು, ಬಾಟಲಿ ಯಾವುದನ್ನೂ ಅಲ್ಲಿ ಬಿಡಬೇಡಿ. ಏರಿ ಮೇಲೆ ನಡೆಯಿರಿ, ಸಿದ್ದೇಶ್ವರನಿಗೆ ಕೈ ಮುಗಿಯಿರಿ, ನೆರಳು ಸಿಕ್ಕ ಕಡೆ ಜಮಖಾನ ಹಾಸಿ. ಮಕ್ಕಳಿಗೆ ಫೋನ್ ಮಾಡುವ ಹೊತ್ತೂ ಇದೇ.

ಊಟದ ಬಗ್ಗೆ ಒಂದು ಮಾತು. ಬೆಣ್ಣೆದೋಸೆ ತಿಂದು ಹೊರಟವರಿಗೆ ಒಂದೂವರೆವರೆಗೆ ಹಸಿವಾಗುವುದಿಲ್ಲ. ಚನ್ನಗಿರಿಯಲ್ಲೋ ಹೊಳಲ್ಕೆರೆಯಲ್ಲೋ ಲಾರಿಯವರು, ಸಂತೆಗೆ ಬಂದವರು ಕೂತಿರುವ ಖಾನಾವಳಿ ನೋಡಿ ಹೊಕ್ಕರೆ ಬಿಸಿ ಊಟ ಸಿಗುತ್ತದೆ. ಚನ್ನಗಿರಿ ಕಡೆ ಅಡಿಕೆ ಸುಗ್ಗಿಯಲ್ಲಿ ಹೋದರೆ ಮನೆ ಮನೆ ಮುಂದೆ ಅಡಿಕೆ ಸುಲಿಯುತ್ತಿರುತ್ತಾರೆ, ಹಂಡೆಯಲ್ಲಿ ಬೇಯುವ ಅಡಿಕೆಯ ಚೊಗರಿನ ವಾಸನೆ ರಸ್ತೆಗೇ ಬರುತ್ತದೆ. ಕಾರು ನಿಲ್ಲಿಸಿ ಮಾತಾಡಿಸಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಹೊತ್ತಿದ್ದರೆ ಚನ್ನಗಿರಿ ಬೆಟ್ಟದ ಕೋಟೆ ಹತ್ತಬಹುದು, ಮೇಲೆ ರಂಗನಾಥನ ಗುಡಿ. ಇಲ್ಲದಿದ್ದರೆ ಬಿಟ್ಟುಬಿಡಿ, ಎಲ್ಲವನ್ನೂ ಒಂದೇ ದಿನ ಮುಗಿಸಬೇಕು ಅನ್ನುವ ಹಟ ಬೇಡ.

ಚಿತ್ರದುರ್ಗ ತಲುಪುವಾಗ ಮೂರೂವರೆ ನಾಲ್ಕು ಆಗಿದ್ದರೆ ಚಂದ್ರವಳ್ಳಿಗೆ ಹೋಗಿ. ಊರಿಗೆ ಅಂಟಿಕೊಂಡೇ ಇದೆ. ಬಂಡೆಗಳ ನಡುವೆ ಕೆರೆ, ಮೇಲೆ ಗುಹೆಗಳು. ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ ವಿಷಯ ಹೇಳುವ ಶಾಸನ ಅಲ್ಲಿಯ ಬಂಡೆಯ ಮೇಲೇ ಇದೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ಮಾಡಿಸಿದ್ದರು. ಸಂಜೆ ಬಿಸಿಲಿಗೆ ಬಂಡೆ ಕೆಂಪಗಾಗುವುದನ್ನು ನೋಡಿಕೊಂಡು ಹೊರಡಿ. ಹೈವೇಗೆ ಬಂದ ಮೇಲೆ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಬಹಳ ದೂರ ಕಾಣುತ್ತಿರುತ್ತವೆ. ಭರಮಸಾಗರದಲ್ಲಿ ಚಹಾ ಕುಡಿಯಿರಿ. ಅಲ್ಲಿಯ ಕೆರೆಯನ್ನೂ ನೋಡಿ, ತುಂಗಭದ್ರೆಯಿಂದ ಪೈಪಿನಲ್ಲಿ ನೀರು ತಂದು ತುಂಬಿಸಿದ ಕೆರೆ ಅದು.

ರಸ್ತೆ ಮೇಲೆ ರಾಗಿ, ಮೆಕ್ಕೆಜೋಳ

ಹೊರಗಿನಿಂದ ಬಂದವರಿಗೆ ಗೊತ್ತಿರದ ಅಪಾಯ ಇದು. ಸುಗ್ಗಿಯಲ್ಲಿ ಹಳ್ಳಿ ರಸ್ತೆಗಳ ಮೇಲೇ ಒಕ್ಕಣೆ ನಡೆಯುತ್ತದೆ. ರಾಗಿ ತೆನೆ, ಹುರುಳಿ ಸೊಪ್ಪನ್ನು ರಸ್ತೆಗೆ ಹರಡುತ್ತಾರೆ, ವಾಹನ ಓಡಾಡಿ ಕಾಳು ಉದುರಲಿ ಅಂತ. ಮೆಕ್ಕೆಜೋಳವನ್ನು ಅರ್ಧ ರಸ್ತೆಗೆ ಒಣ ಹಾಕಿ ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಕಾಳಿನ ಮೇಲೆ ಜೋರಾಗಿ ಬ್ರೇಕ್ ಒತ್ತಿದರೆ ಕಾರು ಜಾರುತ್ತದೆ. ಹುಲ್ಲು ಕೆಳಗೆ ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿದರೆ ಬೆಂಕಿಯೂ ಹತ್ತುತ್ತದೆ. ದಪ್ಪಗೆ ಹರಡಿದ್ದರೆ ಅದರ ಮೇಲೆ ಓಡಿಸಬೇಡಿ, ನಿಲ್ಲಿಸಿ ಕೇಳಿ, ಪಕ್ಕಕ್ಕೆ ಸರಿಸಿ ದಾರಿ ಮಾಡಿಕೊಡುತ್ತಾರೆ. ದಾಟಿದ ಮೇಲೆ ಇಳಿದು ಗಾಡಿ ಕೆಳಗೆ ಬಗ್ಗಿ ನೋಡಿ, ಹುಲ್ಲು ಇದ್ದರೆ ಕಡ್ಡಿಯಿಂದ ತೆಗೆಯಿರಿ, ಕೈ ಹಾಕಬೇಡಿ.

ಹಂಪುಗಳಿಗೆ ಬಣ್ಣ ಇರುವುದಿಲ್ಲ. ಕತ್ತಲಾದ ಮೇಲೆ ಹಿಂದಿನ ದೀಪ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ರಸ್ತೆಗೆ ಇಳಿಯುತ್ತವೆ. ಅದಕ್ಕೇ ಹಳ್ಳಿ ರಸ್ತೆಗಳನ್ನು ಹಗಲಲ್ಲಿ ಮುಗಿಸಿ, ಕೊನೆಯ ಒಂದು ಗಂಟೆಗೆ ಹೈವೇ ಇಟ್ಟುಕೊಳ್ಳಿ ಅನ್ನುವುದು. ಗಾಡಿ ಕೆಟ್ಟರೆ ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ ಫೋನ್ ಮಾಡಿ, ಬೇರೆ ಕಡೆ ತುರ್ತು ಇದ್ದರೆ 112.

ಕಾರಿನೊಳಗಿನ ಮಾತು

ಮೊದಲ ಅರ್ಧ ಗಂಟೆ ಮಕ್ಕಳದ್ದೇ ಮಾತು ಬರುತ್ತದೆ. ಊಟ ಮಾಡಿದ್ರಾ, ಚಿಕ್ಕದು ಮಲಗ್ತಾ ಅಂತ. ತಡೆಯಬೇಡಿ, ತಾನೇ ನಿಲ್ಲುತ್ತದೆ. ಆದರೆ ಮೂರು ವಿಷಯ ಅವತ್ತಿಗೆ ಬೇಡ ಅಂತ ಮೊದಲೇ ಒಪ್ಪಿಕೊಳ್ಳಿ: ಸ್ಕೂಲ್ ಫೀಸು, ಸಾಲದ ಕಂತು, ಎರಡೂ ಕಡೆಯ ನೆಂಟರು. ಅವು ಎಲ್ಲೂ ಓಡಿ ಹೋಗುವುದಿಲ್ಲ, ಸೋಮವಾರವೂ ಇರುತ್ತವೆ. ಮಾತೇ ಇಲ್ಲದೆ ಹತ್ತು ಕಿಲೋಮೀಟರ್ ಹೋದರೆ ಏನೋ ತಪ್ಪಾಗಿದೆ ಅಂದುಕೊಳ್ಳಬೇಡಿ. ಮನೆಯಲ್ಲಿ ಇಬ್ಬರೂ ಸುಮ್ನೆ ಕೂತು ಎಷ್ಟು ಕಾಲ ಆಯಿತು ನೆನಪಿದೆಯಾ? ಸುಮ್ಮನಿರುವುದಕ್ಕೂ ಜಾಗ ಬೇಕು.

ಗಾಡಿ ಓಡಿಸುವುದನ್ನು ಇಬ್ಬರೂ ಹಂಚಿಕೊಳ್ಳಿ. ಹೆಂಡತಿ ಓಡಿಸುವಾಗ ಗಂಡ ಪಕ್ಕದಲ್ಲಿ ಕೂತು "ಗೇರ್ ಹಾಕು, ಎಡಕ್ಕೆ ತಗೋ" ಅನ್ನಬಾರದು. ರೀ, ಇದನ್ನು ಓದುತ್ತಿರುವ ಗಂಡಸರು ದಯವಿಟ್ಟು ಇದೊಂದನ್ನು ಪಾಲಿಸಿ. ಫೋನಿನಲ್ಲಿ ಅಜ್ಜಿ ಮತ್ತು ಸ್ಕೂಲಿನ ನಂಬರಿಗೆ ಮಾತ್ರ ಸದ್ದು ಇರಲಿ, ಉಳಿದದ್ದೆಲ್ಲ ಸೈಲೆಂಟ್.

ವಾಪಸ್ ಬಂದಾಗ

ಹೇಳಿದ ಹೊತ್ತಿಗೆ ಬನ್ನಿ. ಕತ್ತಲಾಗುವುದರೊಳಗೆ ಅಂದಿದ್ದರೆ ಕತ್ತಲಾಗುವುದರೊಳಗೆ. ಚಂದ್ರವಳ್ಳಿಯನ್ನು ಕೈಬಿಟ್ಟರೂ ಪರವಾಗಿಲ್ಲ, ಈ ಹೊತ್ತು ತಪ್ಪಬಾರದು. ಅಜ್ಜಿ ಇನ್ನೊಂದು ಸಲ ಖುಷಿಯಿಂದ ಹೂಂ ಅನ್ನುವುದು ಇದರ ಮೇಲೆ ನಿಂತಿದೆ. ಬರುವಾಗ ಮಂಡಕ್ಕಿ, ಬಿಸಿ ಮಿರ್ಚಿ ಕಟ್ಟಿಸಿಕೊಂಡು ಬನ್ನಿ, ಎಲ್ಲರೂ ಕೂತು ತಿನ್ನಿ, ಮಕ್ಕಳು ದಿನದ ಪೂರ್ತಿ ಕಥೆ ಹೇಳುವವರೆಗೆ ನಿಮ್ಮ ಫೋಟೋ ತೋರಿಸಬೇಡಿ. ಅಜ್ಜಿ ಮನೆಯಿಂದ ಹೊರಡುವ ಮುಂಚೆ ಅವರ ಅಡುಗೆಮನೆಯ ಪಾತ್ರೆ ತೊಳೆದು, ಹರಡಿದ ಆಟಿಕೆ ಎತ್ತಿಟ್ಟು ಬರುವುದು ನಿಮ್ಮ ಕೆಲಸ.

ಯಾವ ತಿಂಗಳು

ಆಗಸ್ಟಿನಿಂದ ಜನವರಿವರೆಗೆ ಈ ಸುತ್ತಿಗೆ ಒಳ್ಳೆ ಕಾಲ. ಮಳೆ ಚೆನ್ನಾಗಿ ಆಗಿದ್ದರೆ ಸೂಳೆಕೆರೆ ತುಂಬಿರುತ್ತದೆ, ಗದ್ದೆ ಹಸಿರಾಗಿರುತ್ತದೆ. ನವೆಂಬರ್, ಡಿಸೆಂಬರಿನಲ್ಲಿ ಕತ್ತಲು ಬೇಗ ಆಗುತ್ತದೆ, ಅರ್ಧ ಗಂಟೆ ಮುಂಚೆ ಹೊರಡಿ. ಮಾರ್ಚ್‌ನಿಂದ ಮೇ ತಿಂಗಳಲ್ಲಿ ಚಿತ್ರದುರ್ಗದ ಬಂಡೆಗಳ ಹತ್ತಿರ ಮಧ್ಯಾಹ್ನ ಹೋಗಲೇಬೇಡಿ. ಆಗ ಸುತ್ತನ್ನು ತಿರುಗಿಸಿ: ಬೆಳಗ್ಗೆ ಆರಕ್ಕೆ ಹೊರಟು ಹೈವೇಯಲ್ಲಿ ಮೊದಲು ಚಂದ್ರವಳ್ಳಿ, ಬಿಸಿಲೇರುವ ಹೊತ್ತಿಗೆ ಹೊಳಲ್ಕೆರೆ ದಾಟಿ ಚನ್ನಗಿರಿಯ ತೋಟಗಳ ನೆರಳು, ಮಧ್ಯಾಹ್ನ ಇಳಿದ ಮೇಲೆ ಸೂಳೆಕೆರೆ, ಕೊನೆಗೆ ಸಂತೇಬೆನ್ನೂರು. ಹೀಗೆ ಹೋದರೆ ಹಳ್ಳಿ ರಸ್ತೆ ಕೊನೆಗೆ ಬರುತ್ತದೆ, ಹಾಗಾಗಿ ಸಂತೇಬೆನ್ನೂರನ್ನು ಐದೂವರೆಗೆ ಬಿಡಿ.